ಕನ್ನಡಿಯ ಮನೆ

ಮಯಸಭೆಯಲ್ಲಿ ಕೌರವೇಶ್ವರನು ಪಟ್ಟ ಪಾಡನ್ನು ಬಲ್ಲವರಿಗೆ ಕನ್ನಡಿಯ ಮನೆಯೆಂದರೆ ಏನೆಂಬುದನ್ನು ಬೇರೆಯಾಗಿ ವಿವರಿಸಬೇಕಾದುದಿಲ್ಲ. ಮಯನು ಹದಿನಾಲ್ಕು ತಿಂಗಳು ದುಡಿದು ಕಟ್ಟಿದ ಆ ಸಭೆಯಲ್ಲಿ ದುರ್ಯೋಧನನು ಸ್ಫಟಿಕದ ನೆಲವನ್ನು ನೀರೆಂದು ಬಗೆದು ಉಟ್ಟ ಬಟ್ಟೆಯನ್ನು ಎತ್ತಿಕೊಂಡನು. ಮುಂದೆ ನಿಜವಾದ ಕೊಳವನ್ನೇ ನೆಲವೆಂದು ಬಗೆದು ಬಟ್ಟೆಯೊಡನೆ ನೀರಿಗೆ ಬಿದ್ದನು. ಬಾಗಿಲೆಂದು ನುಗ್ಗಿ ಹಣೆಯನ್ನು ಗಟ್ಟಿಸಿಕೊಂಡನು. ಕೊನೆಗೆ ತೆರೆದ ಬಾಗಿಲನ್ನೂ ಮುಚ್ಚಿದೆಯೆಂದು ಶಂಕಿಸಿ ಹಿಂದಿರುಗಿದನು. ಇಷ್ಟು ನಿಷ್ಕೃಷ್ಟವಾಗಿ ಭ್ರಾಂತಿಯ ಮೆಟ್ಟಲುಗಳನ್ನು ಎಣಿಸಿಟ್ಟ ಕವಿಯು ಇಂತಹ ಮನೆಯೊಂದನ್ನು ಕಣ್ಣಾರೆ ಕಂಡಿದ್ದನೋ ಏನೋ ಎಂಬ ಸಂದೇಹ ನನಗೆ ಪಾಠ ಹೇಳುವಾಗಲೆಲ್ಲ ಬರುತ್ತಿತ್ತು. ನೀರಿಗೆ ಬಿದ್ದವನು ಬಾಗಿಲನ್ನೂ ನಂಬಲಾರದೆ ಹೋಗುವುದೇ ಅದರಲ್ಲಿನ ಸೂಕ್ಷ್ಮ.

ಪ್ರಸಂಗವಶಾತ್ ಒಂದು ಮಾತು. ಆಗ ದ್ರೌಪದಿಯು ನಕ್ಕಳೆಂಬುದು ನಮ್ಮಲ್ಲಿ ಮನೆಮಾತಾಗಿದೆ. ಸಭಾಪರ್ವದ ಮೂಲವನ್ನು ನೋಡಿದರೆ, ಕಥೆಯನ್ನು ಹೇಳುವ ವೈಶಂಪಾಯನರ ಬಾಯಿಯಲ್ಲಿ ನಕ್ಕವರು ಭೀಮನೂ ಅವನ ತಮ್ಮಂದಿರೂ ಪರಿಚಾರಕರೂ. ದ್ರೌಪದಿಯ ಹೆಸರು ಬರುವುದು ಅನಂತರ, ದುರ್ಯೋಧನನು ತಂದೆಯ ಮುಂದೆ ತನ್ನ ಅವಮಾನವನ್ನು ತೋಡಿಕೊಳ್ಳುವಾಗ. ಹಣೆಗೆ ಪೆಟ್ಟು ಬಿದ್ದವನ ಕಣ್ಣಿಗೆ ನಗುವವರ ಸಂಖ್ಯೆ ಹೆಚ್ಚಾಗಿ ಕಾಣುವುದು ಸಹಜವಲ್ಲವೆ?

ಈ ಕಾಲದಲ್ಲಾದರೋ ದುರ್ಯೋಧನನಾಗುವುದಕ್ಕೆ ಜನರು ಹಣ ಕೊಟ್ಟು ಚೀಟಿ ಕೊಳ್ಳುತ್ತಾರೆ. ಒಳಗೆ ಹೋದವರೆಲ್ಲರೂ ಹಣೆ ತಾಗಿಸಿಕೊಳ್ಳುವವರೇ ಆದುದರಿಂದ ಅಲ್ಲಿ ಹಗೆಗೆ ಎಡೆಯಿಲ್ಲ. ರಾಜಸೂಯದ ಅತಿಥಿಗಳೆಲ್ಲರೂ ಆ ಸಭೆಯಲ್ಲಿ ಒಬ್ಬೊಬ್ಬರಾಗಿ ಎಡವಿದ್ದರೆ ಭಾರತದ ಕಥೆ ಬೇರೆಯಾಗುತ್ತಿತ್ತು.

ದಾರಿತಪ್ಪಿಸುವ ಕಟ್ಟಡ ಒಂದು, ಬಿಂಬವನ್ನು ತೋರುವ ಕನ್ನಡಿ ಒಂದು. ಇವೆರಡೂ ನಮ್ಮ ನಾಡಿನ ಶಿಲ್ಪಿಗಳಿಗೆ ಚೆನ್ನಾಗಿ ತಿಳಿದಿದ್ದುವು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರಲ್ಲಿ ದರ್ಪಣಸುಂದರಿಯನ್ನು ನೋಡದೆ ಹಿಂದಿರುಗುವ ಯಾತ್ರಿಕನಿಲ್ಲ. ಅಲ್ಲಿಂದ ಹದಿನಾರು ಕಿಲೋಮೀಟರು ದೂರದ ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಯಲ್ಲಿ ಅಭಿಮನ್ಯುವು ಹೊಕ್ಕ ಚಕ್ರವ್ಯೂಹವನ್ನು ಸುರುಳಿಸುರುಳಿಯಾಗಿ ಕೆತ್ತಿದ್ದಾರೆ. ಕನ್ನಡಿ ಅಲ್ಲಿ, ವ್ಯೂಹ ಇಲ್ಲಿ; ಎರಡನ್ನೂ ಒಂದೆಡೆ ಕೂಡಿಸುವ ಸಾಹಸವು ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಆ ಸುಂದರಿಯ ಕೈಯಲ್ಲಿರುವಂತಹ ಕನ್ನಡಿಯು ಉಜ್ಜಿ ಹೊಳಪಿಟ್ಟ ಲೋಹದ್ದು. ಈಗಲೂ ಕೇರಳದ ಆರನ್ಮುಳದಲ್ಲಿ ತಾಮ್ರ ತವರಗಳನ್ನು ಬೆರೆಸಿ ಎರಕ ಹೊಯ್ದು ಮಾಡುವ ಕನ್ನಡಿ ಅದೇ ಜಾತಿಯದು. ಅಂಗೈಯಗಲದ ಅಂತಹ ಕನ್ನಡಿಗೇ ದಿನಗಟ್ಟಲೆ ಉಜ್ಜಬೇಕು. ಗೋಡೆಯೆತ್ತರದ ಕನ್ನಡಿಯನ್ನು ಕೇಳುವುದೇನು?

ಗಾಜಿನ ಹಿಂದೆ ತವರ ಪಾದರಸಗಳ ಲೇಪವನ್ನು ಕೊಟ್ಟು ದೊಡ್ಡ ಕನ್ನಡಿಗಳನ್ನು ಮಾಡುವ ವಿದ್ಯೆಯಲ್ಲಿ ವೆನಿಸ್ ಪಟ್ಟಣದವರು ಬಹುಕಾಲ ಏಕಸ್ವಾಮ್ಯ ನಡೆಸಿದರು. ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ವರ್ಸೇಲ್ಸ್ ಅರಮನೆಯಲ್ಲಿ 1678ರಿಂದ 1684ರವರೆಗೆ ಕಟ್ಟಿಸಿದ ಕನ್ನಡಿಯ ಹಜಾರದಲ್ಲಿ 17 ಕಮಾನುಗಳೂ 357 ಕನ್ನಡಿಗಳೂ ಇವೆ. 1919ರ ಜೂನ್ 28ರಂದು ಮೊದಲನೆಯ ಮಹಾಯುದ್ಧದ ಸಂಧಿಪತ್ರಕ್ಕೆ ಸಹಿ ಬಿದ್ದುದೂ ಅಲ್ಲಿಯೇ. ಆದರೆ ಅದು ಪ್ರಭುವಿನ ವೈಭವ, ಪ್ರಜೆಯ ಆಟವಲ್ಲ. ಮೇಲಾಗಿ ಪಾದರಸದ ಹಬೆಯು ಕನ್ನಡಿ ಮಾಡುವ ಕೂಲಿಕಾರರ ಕೈ ನಡುಗಿಸಿ ಹಲ್ಲು ಉದುರಿಸುತ್ತಿತ್ತು. ಜರ್ಮನಿಯ ರಸಾಯನಶಾಸ್ತ್ರಜ್ಞನಾದ ಲೀಬಿಗನು 1835ರಲ್ಲಿ ಗಾಜಿನ ಮೇಲೆ ಅಪ್ಪಟ ಬೆಳ್ಳಿಯ ತೆಳುಪೊರೆಯು ತಾನಾಗಿ ಕೂರುವ ಕ್ರಮವನ್ನು ಕಂಡುಹಿಡಿದನು. ಅದು ಕ್ರಮೇಣ ಕಾರ್ಖಾನೆಗಳಿಗೆ ಬಂದು, ಕನ್ನಡಿಯ ಬೆಲೆ ಇಳಿದು, ರಾಜರ ಹಜಾರದಲ್ಲಿದ್ದ ಪದಾರ್ಥವು ಕ್ಷೌರದಂಗಡಿಯ ಗೋಡೆಗೆ ಬಂದಿತು. ಕನ್ನಡಿಯ ಮನೆಯ ಚರಿತ್ರೆ ನಿಜವಾಗಿ ತೊಡಗುವುದು ಆಮೇಲೆಯೇ.

ಬರ್ಲಿನ್ ನಗರದಲ್ಲಿ ಮೇಣದ ಬೊಂಬೆಗಳ ಪ್ರದರ್ಶನವನ್ನು ನಡೆಸುತ್ತಿದ್ದ ಕಾಸ್ಟನ್ ಎಂಬ ಸೋದರರಿದ್ದರು. ಅವರಲ್ಲಿ ಗುಸ್ತಾವ್ ಎಂಬಾತನು ಕನ್ನಡಿಗಳನ್ನು ಕೋನಕೋನವಾಗಿ ನಿಲ್ಲಿಸಿ ಕೊನೆಯಿಲ್ಲದ ಓಣಿಗಳನ್ನು ತೋರಿಸುವ ಒಂದು ವ್ಯೂಹವನ್ನು ರಚಿಸಿ, 1895ರಲ್ಲಿ ಅಮೆರಿಕದಲ್ಲಿಯೂ ಅದಕ್ಕೆ ಹಕ್ಕುಪತ್ರವನ್ನು ಪಡೆದನು. ಆ ಹೊತ್ತಿಗೆ ಯೂರೋಪಿನ ವಸ್ತುಪ್ರದರ್ಶನಗಳಲ್ಲಿ ಇಂತಹ ಮನೆಗಳು ಕಾಣಿಸಿಕೊಂಡಿದ್ದುವು. ಪ್ರಾಗ್ ನಗರದಲ್ಲಿ 1891ರ ಪ್ರದರ್ಶನಕ್ಕಾಗಿ ಹಳೆಯ ಕೋಟೆಬಾಗಿಲಿನ ಆಕಾರದಲ್ಲಿ ಕಟ್ಟಿದ ಮಂಟಪವನ್ನು ಆಮೇಲೆ ಪೆಟ್ರಿನ್ ಎಂಬ ಗುಡ್ಡಕ್ಕೆ ಸಾಗಿಸಿ ಕನ್ನಡಿಯ ಮನೆಯಾಗಿ ಮಾಡಿದರು. ಅದರೊಳಗೆ, 1648ರಲ್ಲಿ ಸ್ವೀಡನ್ನಿನ ಸೇನೆಯನ್ನು ಪ್ರಾಗಿನ ಸೇತುವೆಯ ಮೇಲೆ ತಡೆದ ಯುದ್ಧದ ದೊಡ್ಡ ಚಿತ್ರವೂ ಇದೆ. ಹಣೆ ಗಟ್ಟಿಸಿಕೊಂಡು ಬಂದವರಿಗೆ ದೇಶಭಕ್ತಿಯ ಪಾಠ! ಸ್ವಿಟ್ಸರ್ಲೆಂಡಿನ ಜಿನೀವಾದಲ್ಲಿ 1896ರ ರಾಷ್ಟ್ರೀಯ ಪ್ರದರ್ಶನಕ್ಕೆ ಕಟ್ಟಿದುದು ಇನ್ನೊಂದು. ಸ್ಪೇನ್ ದೇಶದ ಅಲ್ಹಂಬ್ರಾ ಅರಮನೆಯ ಕಮಾನುಗಳ ಮಾದರಿಯಲ್ಲಿ 90 ಕನ್ನಡಿಗಳನ್ನು ನಿಲ್ಲಿಸಿದ ಅದನ್ನು 1899ರಲ್ಲಿ ಲೂಸರ್ನಿಗೆ ಒಯ್ದರು. ಈ ಎರಡು ಮನೆಗಳೂ ಇಂದಿಗೂ ನೋಡಲು ಸಿಕ್ಕುತ್ತವೆ.

ಇದರ ಗುಟ್ಟನ್ನು ತಿಳಿಯಲು ಅಷ್ಟು ದೂರ ಹೋಗಬೇಕಾದುದಿಲ್ಲ. ಮನೆಯಲ್ಲಿ ಎರಡು ಕನ್ನಡಿಗಳಿದ್ದರೆ ಅವುಗಳನ್ನು ಪುಸ್ತಕವನ್ನು ತೆರೆದು ನಿಲ್ಲಿಸಿದಂತೆ ನಿಲ್ಲಿಸಿ ನಡುವೆ ಒಂದು ಕುಂಕುಮದ ಭರಣಿಯನ್ನಿಡಿರಿ. ಕನ್ನಡಿಗಳ ನಡುವಣ ಕೋನವು 90 ಅಂಶಗಳಾಗಿದ್ದರೆ ಮೂರು ಬಿಂಬಗಳು. 60 ಆದರೆ ಐದು. 45 ಆದರೆ ಏಳು. 360ನ್ನು ಕೋನದಿಂದ ಭಾಗಿಸಿ ಒಂದನ್ನು ಕಳೆದರೆ ಲೆಕ್ಕ ಸಿಕ್ಕುತ್ತದೆ. 60 ಅಂಶಗಳಿಗೆ ಒಂದು ವಿಶೇಷ ಗುಣವಿದೆ. ಐದು ಬಿಂಬಗಳೂ ನಿಜವಾದ ಭರಣಿಯೂ ಸೇರಿ ಆರು ದಳಗಳ ಕಮಲದಂತೆ ಎಲ್ಲಿಯೂ ಬೆಸುಗೆ ಕಾಣದ ಹಾಗೆ ಕೂಡಿಕೊಳ್ಳುತ್ತವೆ. ಆದಕಾರಣ ಕನ್ನಡಿಯ ಮನೆಯನ್ನು ಕಟ್ಟುವವರು ನೆಲದ ಮೇಲೆ ಸಮಭುಜ ತ್ರಿಕೋನಗಳ ರಂಗವಲ್ಲಿಯನ್ನು ಎಳೆದು, ಚುಕ್ಕಿಗಳಿದ್ದಲ್ಲಿ ಕಂಬಗಳನ್ನು ನೆಟ್ಟು, ಗೆರೆಗಳಲ್ಲಿ ಕೆಲವಕ್ಕೆ ಕನ್ನಡಿಯನ್ನು ಹಾಕಿ ಕೆಲವನ್ನು ಬರಿದೆ ಬಿಡುತ್ತಾರೆ. ನಿಜವಾದ ಕಂಬದ ಪಕ್ಕದಲ್ಲಿ ಬಿಂಬದ ಕಂಬ, ನಿಜವಾದ ಓಣಿಯ ಪಕ್ಕದಲ್ಲಿ ಬಿಂಬದ ಓಣಿ. ನಿಂತಲ್ಲಿಂದ ಆರು ದಾರಿಗಳು ಕಾಣುತ್ತವೆ, ನಡೆಯಲು ಬರುವುದು ಒಂದೋ ಎರಡೋ. ನಮ್ಮ ಹೆಣ್ಣುಮಕ್ಕಳು ಬೆಳಗಾಗೆದ್ದು ಚುಕ್ಕಿಯಿಟ್ಟು ಎಳೆಯುವ ರಂಗವಲ್ಲಿಯ ಶಾಸ್ತ್ರವೇ ಇದು; ಗುಸ್ತಾವ್ ಕಾಸ್ಟನನಿಗೆ ಅವರು ಸುಲಭವಾಗಿ ಪಾಠ ಹೇಳಬಹುದಾಗಿತ್ತು.

ಸೂಕ್ಷ್ಮವಾಗಿ ನೋಡಬಲ್ಲವರಿಗೆ ಒಂದೆರಡು ಕುರುಹುಗಳುಂಟು. ಪ್ರತಿಯೊಂದು ಪ್ರತಿಫಲನದಲ್ಲಿಯೂ ಬೆಳಕು ಸ್ವಲ್ಪ ಸವೆಯುತ್ತದೆ. ಗಾಜಿನಲ್ಲಿರುವ ಕಬ್ಬಿಣದ ಅಂಶದ ದೆಸೆಯಿಂದ ದೂರದ ಬಿಂಬಗಳು ಮಂಕಾಗಿ ಹಸುರುಬಣ್ಣಕ್ಕೆ ತಿರುಗುತ್ತವೆ. ಒಮ್ಮೆ ಪ್ರತಿಫಲಿಸಿದ ಬಿಂಬದಲ್ಲಿ ಎಡವು ಬಲವಾಗಿ ತೋರುತ್ತದೆ. ಎರಡು ಬಾರಿ ಪ್ರತಿಫಲಿಸಿದುದರಲ್ಲಿ ಅದು ಮತ್ತೆ ಸರಿಯಾಗುತ್ತದೆ. ಗೋಡೆಗಳೆಲ್ಲವೂ ಒಂದಕ್ಕೊಂದು ಕೂಡಿಕೊಂಡಿದ್ದರೆ, ಹೊಕ್ಕಾಗಲೇ ಎಡಗೈಯನ್ನು ಎಡಗೋಡೆಗೆ ತಾಗಿಸಿ ಅದನ್ನು ಬಿಡದೆ ನಡೆದವನು ತಡವಾಗಿಯಾದರೂ ಬಾಗಿಲನ್ನು ಮುಟ್ಟಿಯೇ ಮುಟ್ಟುತ್ತಾನೆ. ಚಾರ್ಲಿ ಚಾಪ್ಲಿನ್ನನು 1928ರ ‘ದಿ ಸರ್ಕಸ್’ ಚಿತ್ರದಲ್ಲಿ ಇಂತಹ ಮನೆಯೊಳಕ್ಕೆ ಓಡಿಹೋಗಿ, ತನ್ನ ಟೋಪಿಯೊಂದು ಕೆಳಗೆ ಬಿದ್ದರೆ ಯಾವುದನ್ನು ಎತ್ತಿಕೊಳ್ಳಬೇಕೆಂದು ತಿಳಿಯದೆ ಒದ್ದಾಡುವುದನ್ನು ನೋಡಿದವರು ಮರೆಯಲಾರರು.

ನಾನು ಮೊದಲು ಹೊಕ್ಕ ಕನ್ನಡಿಯ ಮನೆಯು ಪ್ರಾಗಿನದೂ ಅಲ್ಲ, ಲೂಸರ್ನಿನದೂ ಅಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಯ ಕಾಲದಲ್ಲಿ ಹಾಕಿದ್ದ ಒಂದು ಗುಡಾರ. ವರ್ಷ 1974, ನನಗೆ ಹತ್ತು ವಯಸ್ಸು. ನಮ್ಮ ಉತ್ತರಹಳ್ಳಿಯು ಆಗ ಊರ ಹೊರಗಿನ ಹಳ್ಳಿ. ರಾಗಿಯ ಹೊಲಗಳ ನಡುವೆ ಬರುವ ಬಸ್ಸಿಗೆ ಕಾದು ನಿಂತು ಪರಿಷೆಗೆ ಹೋಗಬೇಕಾಗಿತ್ತು. ತಂದೆಯವರೂ ನಾನೂ ಅತ್ತೆಯೂ ಹೋಗಿದ್ದೆವು. ಅತ್ತೆಯೆಂದರೆ ನಮ್ಮ ತಂದೆಯವರ ಸೋದರತ್ತೆ. ಮನೆಯಲ್ಲಿ ಹಿರಿಯರು ಕಿರಿಯರು ಎಲ್ಲರಿಗೂ ಆಕೆ ಅತ್ತೆಯೇ.

ಆಕೆಯ ವಿಷಯವನ್ನು ಇಲ್ಲಿ ಸ್ವಲ್ಪ ಹೇಳಬೇಕು. 1894ರಲ್ಲಿ ಮೈಸೂರು ಸಂಸ್ಥಾನವು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಕಾಯಿದೆಯಿಂದ ನಿಷೇಧಿಸಿತ್ತು. ನಮ್ಮವರು ಕಾಯಿದೆಗೆ ಅಂಜುವ ಜನ; ಅತ್ತೆಗೆ ಎಂಟು ತುಂಬಿ ಕೆಲವು ತಿಂಗಳಾಗುವವರೆಗೂ ಕಾದು ಆಮೇಲೆ ಮದುವೆ ಮಾಡಿದರು. ಒಂಬತ್ತು ತುಂಬುವುದರೊಳಗೆ ಆಕೆಯ ಹಣೆಯ ಕುಂಕುಮ ಅಳಿಯಿತು. ದೊಡ್ಡವಳಾದ ಮೇಲೆ ಕೇಶವೂ ಹೋಗಿ ಕೆಂಪು ಸೀರೆ ಬಂದಿತು. ಅಂದಿನಿಂದ ಆಕೆಯು ಕನ್ನಡಿಯನ್ನು ನೋಡಿದವಳಲ್ಲ. ಹಜಾರದ ಗೋಡೆಯ ಮೇಲಿನ ಕನ್ನಡಿಯ ಮುಂದೆ ಹಾದು ಹೋಗುವಾಗ ಮುಖವನ್ನು ಆಚೆಗೆ ತಿರುಗಿಸುವುದು ಆಕೆಗೆ ಉಸಿರಾಟದಷ್ಟು ಸಹಜವಾಗಿತ್ತು. ಬಾವಿಯ ನೀರಿನಲ್ಲಿ, ಬೆಳಗಿದ ಕೊಳಗದಲ್ಲಿ ಏನನ್ನು ಕಂಡಿದ್ದಳೋ, ಕೇಳಿದವರಿಲ್ಲ.

ಕಾಳಿದಾಸನ ಪಾರ್ವತಿಯು ಮದುವೆಯ ಅಲಂಕಾರ ಮುಗಿದೊಡನೆ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಶಿವನ ಬಳಿಗೆ ಹೋಗಲು ತವಕಪಡುತ್ತಾಳೆ. ನಮ್ಮ ಮನೆಗಳಲ್ಲಿ ಕಳಸಕನ್ನಡಿಯಿಲ್ಲದೆ ಮಂಗಳಕಾರ್ಯವಿಲ್ಲ. ದೇವರಿಗೂ ಉಪಚಾರಗಳ ನಡುವೆ ದರ್ಪಣವನ್ನು ತೋರಿಸುತ್ತೇವೆ. ಗುರುಕುಲದ ಬ್ರಹ್ಮಚಾರಿಗೂ ಅಲಂಕಾರ ಸಲ್ಲದು, ನಿಜ. ಆದರೆ ವಿದ್ಯೆ ಮುಗಿದು ಸಮಾವರ್ತನದ ಸ್ನಾನವಾದ ದಿನ ಅವನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕೆಂದು ಗೃಹ್ಯಸೂತ್ರಕಾರರೇ ವಿಧಿಸಿದ್ದಾರೆ. ಅತ್ತೆಯ ವ್ರತಕ್ಕೆ ಸಮಾವರ್ತನವೆಂಬುದಿರಲಿಲ್ಲ.

ಬಸವಣ್ಣನ ದರ್ಶನವಾಯಿತು. ತಂದೆಯವರು ಕಡಲೆಕಾಯಿಯ ರಾಶಿಗಳ ನಡುವೆ ಚೌಕಾಶಿಗೆ ಇಳಿದರು. ಚೌಕಾಶಿಯೆಂದರೆ ಅವರಿಗೆ ಅರ್ಧಗಂಟೆಗೆ ಕಡಮೆಯಿಲ್ಲ. ನನಗೆ ಎದುರಿಗಿದ್ದ ಗುಡಾರದ ಮೇಲೆಯೇ ಕಣ್ಣು. ನಾಲ್ಕಾಣೆಯ ಚೀಟಿ. ಬಾಗಿಲಲ್ಲಿದ್ದಾತನು, “ಚಿಕ್ಕ ಹುಡುಗರನ್ನ ಒಂಟಿಯಾಗಿ ಬಿಡೋದಿಲ್ಲ, ದೊಡ್ಡವರು ಯಾರಾದರೂ ಜೊತೇಲಿ ಬರಬೇಕು” ಎಂದನು. ನಾನು ಅತ್ತೆಯ ಸೆರಗನ್ನು ಹಿಡಿದೆನು. ಹಲಗೆಯ ಮೇಲಿದ್ದುದನ್ನು ಆಕೆಯು ಓದಬಲ್ಲವಳು. ಜೈಮಿನಿ ಭಾರತವನ್ನು ರಾಗವಾಗಿ ಓದುತ್ತಿದ್ದವಳು ಆಕೆ. ‘ಕನ್ನಡಿ’ ಎಂಬ ಮೂರು ಅಕ್ಷರಗಳನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಬಳಿಕ ಸೊಂಟದ ಚೀಲವನ್ನು ಬಿಚ್ಚಿ ಎಂಟಾಣೆಯನ್ನು ತೆಗೆದು ಆತನ ಕೈಗೆ, ಮುಟ್ಟದಂತೆ ಮೇಲಿನಿಂದ ಹಾಕಿದಳು.

ಒಳಗೆ ಹೋದೊಡನೆ ಆಕೆ ಮಾಡಿದ ಕೆಲಸವೆಂದರೆ ಕೈಮುಗಿದುದು. ಎದುರಿಗೂ ಪಕ್ಕಕ್ಕೂ ಕೆಂಪು ಸೀರೆಯ ಮುದುಕಿಯರ ಸಾಲುಸಾಲೇ ನಿಂತಿತ್ತು, ಅವರೂ ಕೈಮುಗಿದರು. “ಇಷ್ಟು ಜನ ಎಲ್ಲಿಂದ ಬಂದರೋ, ಮಗು?” ಎಂದು ಮೆಲ್ಲಗೆ ಕೇಳಿದಳು. ನಾನು ನಕ್ಕೆನು. ಆ ಮುದುಕಿಯರೆಲ್ಲರ ಪಕ್ಕದಲ್ಲಿಯೂ ಒಬ್ಬೊಬ್ಬ ಹುಡುಗನು ಹಲ್ಲು ಕಿರಿದು ನಿಂತಿದ್ದುದನ್ನು ಕಂಡಾಗ ಆಕೆಗೆ ತಿಳಿಯಿತು. ಕೈಗಳು ಕೆಳಗಿಳಿದುವು. ಮುಖವನ್ನು ಆಚೆಗೆ ತಿರುಗಿಸಿದಳು, ಅಭ್ಯಾಸಬಲದಿಂದ. ಆಚೆಯಲ್ಲಿಯೂ ಅವಳೇ ಇದ್ದಳು. ಮತ್ತೊಂದು ಕಡೆಗೆ ತಿರುಗಿದಳು, ಅಲ್ಲಿಯೂ ಅವಳೇ. ಆ ಮನೆಯಲ್ಲಿ ತಿರುಗಿಸುವುದಕ್ಕೆ ಬೇರೆ ದಿಕ್ಕೇ ಇರಲಿಲ್ಲ.

ಆಮೇಲೆ ಆಕೆಯು ನೋಡತೊಡಗಿದಳು. ಹಿಂದೆ ಬಂದ ಜನರು ನಮ್ಮನ್ನು ದಾಟಿ ಮುಂದೆ ಹೋದರು. ಹೋದವರು ಹಣೆ ಗಟ್ಟಿಸಿಕೊಂಡು ಕೇಕೆ ಹಾಕಿದರು. ಅತ್ತೆಗೆ ಅವರ ಪರಿವೆಯಿರಲಿಲ್ಲ. ಕನ್ನಡಿಯ ಹತ್ತಿರಕ್ಕೆ ಹೋಗಿ ಗಾಜನ್ನು ಬೆರಳ ತುದಿಯಿಂದ ಮುಟ್ಟಿದಳು.

“ನಮ್ಮಮ್ಮನ ಹಾಗೇ ಆಗಿಬಿಟ್ಟಿದೀನಲ್ಲೋ” ಎಂದಳು.

ಆಕೆಯ ತಾಯಿ ಗತಿಸಿ ಆಗಲೇ ನಲವತ್ತು ವರ್ಷಗಳ ಮೇಲಾಗಿತ್ತು. ನಾನು ಆ ತಾಯಿಯನ್ನು ಕಂಡವನಲ್ಲ. ಹತ್ತು ವರ್ಷದ ಹುಡುಗನು ಇದಕ್ಕೆ ಏನು ಹೇಳಬೇಕು? “ಹೌದತ್ತೆ” ಎಂದೆನು.

ಸ್ವಲ್ಪ ಹೊತ್ತಾದ ಮೇಲೆ ಆಕೆಯು ಕೇಳಿದ ಪ್ರಶ್ನೆಯು ನನಗೆ ಆಗ ಅರ್ಥವಾಗಲಿಲ್ಲ. ಆಕೆಯ ಕೆನ್ನೆಯ ಮೇಲೆ ಸಾಸಿವೆಯಷ್ಟು ಒಂದು ಮಚ್ಚೆಯಿತ್ತು. ಎಡಗೆನ್ನೆಯ ಮಚ್ಚೆ ಲಕ್ಷ್ಮೀಕಳೆಯೆಂದು ತಾಯಿ ಹೇಳುತ್ತಿದ್ದಳಂತೆ. “ನೋಡೋ, ಇವರಲ್ಲಿ ಕೆಲವರಿಗೆ ಎಡಗಡೆ ಇದೆ, ಕೆಲವರಿಗೆ ಬಲಗಡೆ ಇದೆ. ನನಗೆ ಯಾವ ಕಡೆ ಇದೆ, ಹೇಳು” ಎಂದಳು. ನಾನು ಆಕೆಯ ಎಡಗೆನ್ನೆಯನ್ನು ಮುಟ್ಟಿ ತೋರಿಸಿದೆನು. ಮಡಿಯ ಹೆಂಗಸು, ಸ್ನಾನವಾಗದ ಹುಡುಗರನ್ನು ಹತ್ತಿರ ಸೇರಿಸದವಳು, ಆ ದಿನ ಬೇಡವೆನ್ನಲಿಲ್ಲ. ಕನ್ನಡಿಯು ಏಕೆ ಕೆಲವೆಡೆ ಎಡಬಲಗಳನ್ನು ಮಾರ್ಪಡಿಸಿ ಕೆಲವೆಡೆ ಹಾಗೆಯೇ ಬಿಡುತ್ತದೆಂಬುದು ನನಗೆ ತಿಳಿದುದು ಹೈಸ್ಕೂಲಿನಲ್ಲಿ. ಅದನ್ನು ಮೊದಲು ಕಂಡುಹಿಡಿದವಳು ಅತ್ತೆಯೆಂದು ಉಪಾಧ್ಯಾಯರಿಗೆ ನಾನು ಹೇಳಲಿಲ್ಲ.

ಹೊರಕ್ಕೆ ಬರುವುದು ಹೇಗೆಂದು ನನಗೆ ಭಯವಾಯಿತು. ನಾಲ್ಕು ಕಡೆಯೂ ಓಣಿಗಳು. ಯುವಕರು ಕೈಚಾಚಿಕೊಂಡು ಕುರುಡರಂತೆ ತಡವರಿಸುತ್ತಿದ್ದರು. ಅತ್ತೆಯು ನನ್ನ ಕೈಯನ್ನು ಹಿಡಿದು ತಲೆಯನ್ನು ತಗ್ಗಿಸಿ ನೆಲವನ್ನು ನೋಡುತ್ತ ನಡೆದಳು. ಅರುವತ್ತು ವರ್ಷ ಹಾಗೆ ನಡೆದು ರೂಢಿಯಾಗಿತ್ತು. ಗುಡಾರದ ನೆಲವೆಂದರೆ ಬರಿಯ ಮಣ್ಣು. ಜನರು ತುಳಿದ ಕಡೆ ಹೆಜ್ಜೆಗಳು ಮೂಡಿದ್ದುವು, ಕನ್ನಡಿಯಿದ್ದ ಕಡೆ ಹೆಜ್ಜೆಗಳು ಅಂಚಿಗೆ ಬಂದು ಹಿಂದಕ್ಕೆ ತಿರುಗಿದ್ದುವು. ನಾವಿಬ್ಬರೂ ಎಲ್ಲಿಯೂ ತಾಗದೆ ನೇರವಾಗಿ ಹೊರಗೆ ಬಂದೆವು. ಬಾಗಿಲಲ್ಲಿದ್ದಾತನು, “ಏನಮ್ಮಾ, ಮೊದಲೇ ಬಂದಿದ್ರಾ?” ಎಂದು ಬೆರಗಾದನು.

“ಮನೇಲಿ ಹೇಳಬೇಡ” ಎಂದು ಮಾತ್ರ ಅತ್ತೆ ಹೇಳಿದಳು. ನಾನು ಹೇಳಲಿಲ್ಲ. ಮನೆಗೆ ಬಂದು ತಣ್ಣೀರು ಸ್ನಾನ ಮಾಡಿದಳು. ಆದರೆ ಪರಿಷೆಯಿಂದ ಬಂದರೆ ಅದು ಹೇಗೂ ಇದ್ದುದೇ. ಹಜಾರದ ಕನ್ನಡಿಯ ಮುಂದೆ ಮೊದಲಿನಂತೆಯೇ ಮುಖ ತಿರುಗಿಸಿ ಹಾದು ಹೋಗುತ್ತಿದ್ದಳು. ಮರುವರ್ಷ ಕಾರ್ತಿಕ ಬಂದಾಗ ನನ್ನನ್ನು ಒಬ್ಬನನ್ನೇ ಕರೆದು, “ಆ ಗುಡಾರದವರು ಈ ಸಲ ಬರ್ತಾರೇನೋ, ವಿಚಾರಿಸು” ಎಂದಳು. ವಿಚಾರಿಸಿದೆನು, ಬಂದಿರಲಿಲ್ಲ. ಅದರ ಮುಂದಿನ ವರ್ಷವೂ ಬರಲಿಲ್ಲ. 1981ರಲ್ಲಿ ಅತ್ತೆ ತೀರಿಕೊಂಡಳು. ಆಗ ನಾನು ತಂದೆಯವರಿಗೆ ಈ ಸಂಗತಿಯನ್ನು ಹೇಳಿದೆನು. ಅವರು ಬಹಳ ಹೊತ್ತು ಏನೂ ಆಡಲಿಲ್ಲ. “ನಾವು ಯಾರೂ ಅವಳಿಗೆ ನೋಡಬೇಡ ಅಂತ ಹೇಳಿರಲಿಲ್ಲ ಕಣೋ” ಎಂದರು ಕೊನೆಗೆ. ಅದು ನಿಜವೇ. ನೋಡು ಎಂದು ಹೇಳಿದವರೂ ಇರಲಿಲ್ಲ.

ಈಗ ಉತ್ತರಹಳ್ಳಿಯ ಸುತ್ತ ರಾಗಿಯ ಹೊಲವನ್ನು ಹುಡುಕಿದರೂ ಸಿಕ್ಕದು. ಗುಡಾರಗಳ ಕಾಲವೂ ಹಿಂದಾಗಿ, ದೊಡ್ಡ ಅಂಗಡಿ ಸಮುಚ್ಚಯಗಳ ಮೇಲಂತಸ್ತುಗಳಲ್ಲಿಯೂ ಊರ ಹೊರಗಿನ ವಿಹಾರೋದ್ಯಾನಗಳಲ್ಲಿಯೂ ಹೊಸ ಬಗೆಯ ಕನ್ನಡಿಯ ಮನೆಗಳು ಎದ್ದಿವೆ. ಒಡೆದು ಗಾಯವಾಗದಿರಲೆಂದು ಎಷ್ಟೋ ಕಡೆ ಗಾಜಿಗೆ ಬದಲು ಪ್ಲಾಸ್ಟಿಕ್ಕಿನ ಜಾತಿಯ ಹಲಗೆಗಳನ್ನು ಹಾಕುತ್ತಾರೆ. ಬೆರಳ ಗುರುತು ಬಿದ್ದರೆ ಕನ್ನಡಿಯ ಗುಟ್ಟು ಬಯಲಾಗುವುದರಿಂದ ಕೆಲವೆಡೆ ಕೈಗೆ ಚೀಲಗಳನ್ನೂ ಕೊಡುತ್ತಾರೆ. ಕಂಬಗಳಿಗೆಲ್ಲ ಬಣ್ಣಬಣ್ಣದ ವಿದ್ಯುದ್ದೀಪಗಳ ಪಟ್ಟಿಗಳು. ನನ್ನ ಅಭಿಪ್ರಾಯದಲ್ಲಿ ಬಣ್ಣ ಹೆಚ್ಚಾಗಿ ಭ್ರಾಂತಿ ಕಡಮೆಯಾಗಿದೆ. ಮನುಷ್ಯನು ತನ್ನನ್ನು ನೋಡಿಕೊಳ್ಳುವುದಕ್ಕೆ ಅಷ್ಟು ದೀಪಗಳು ಬೇಕಿಲ್ಲ. ಆದರೆ ಮಕ್ಕಳಿಗೆ ಅದೇ ಇಷ್ಟ.

ಕಳೆದ ಬೇಸಗೆ ರಜೆಯಲ್ಲಿ ಒಂಬತ್ತು ವರ್ಷದ ಮೊಮ್ಮಗಳು ಅಂತಹದೊಂದಕ್ಕೆ ನನ್ನನ್ನು ಎಳೆದುಕೊಂಡು ಹೋದಳು. ದಾರಿ ಬೇಕಾದರೆ ನೆಲವನ್ನು ನೋಡು ಎಂದು ನಾನು ಮೊದಲೇ ಹೇಳಿಕೊಟ್ಟಿದ್ದೆನು. ಒಳಗೆ ಹೋಗಿ ನೋಡಿದರೆ ನೆಲಕ್ಕೂ ಕರಿಯ ಹೊಳಪಿನ ಹಾಸು; ಅಲ್ಲಿ ಹೆಜ್ಜೆಯೂ ಮೂಡದು, ಅಂಚೂ ತಿಳಿಯದು. “ತಾತ, ನೆಲದಲ್ಲೂ ನಾನೇ ಇದೀನಿ!” ಎಂದು ಕುಣಿದಳು. ಹೊರಕ್ಕೆ ಹೋಗುವ ಅವಸರ ಅವಳಿಗೆ ಕಿಂಚಿತ್ತೂ ಇರಲಿಲ್ಲ. ಜಡೆಯನ್ನು ಮುಂದಕ್ಕೆ ಹಾಕಿಕೊಂಡು, ಹಿಂದಕ್ಕೆ ಹಾಕಿಕೊಂಡು, ನಾಲಗೆ ಚಾಚಿ, ಬೆನ್ನು ತಿರುಗಿಸಿ ತನ್ನ ಬೆನ್ನನ್ನು ತಾನೇ ನೋಡಿ, ಮುಕ್ಕಾಲು ಗಂಟೆ ಅಲ್ಲಿಯೇ ಕಳೆದಳು. ನಾನು ಒಂದು ಮೂಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆನು. ಸಾಕೆಂದು ತೋರಿದ ಮೇಲೆ ಅವಳು ಎಡಗೈಯನ್ನು ಗೋಡೆಗೆ ತಾಗಿಸಿ, ಬಲಗೈಯಿಂದ ನನ್ನನ್ನು ಹಿಡಿದು ಹೊರಕ್ಕೆ ಕರೆತಂದಳು.